ಪಚ್ಚೆ ಕಲ್ಲಲ್ಲ, ಪಕ್ಕೆ ಕಲ್ಲು

ಪ್ರಶ್ನೆ: ಒಂದು ವಸ್ತುಸಂಗ್ರಹಾಲಯದ ವಿವರಣೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ 'ಜೇಡ್' ಅನ್ನುವ ಹಸಿರು ಅಲಂಕಾರದ ಕಲ್ಲು ಮತ್ತೆ ಮತ್ತೆ ಬರುತ್ತದೆ. ನಾನು 'ಪಚ್ಚೆ ಕಲ್ಲು' ಎಂದು ಬರೆದೆ. ಕರಡು ನೋಡಿದವರು ಅದಕ್ಕೆ ಗೀಟು ಹಾಕಿ 'ತಪ್ಪು' ಎಂದಷ್ಟೇ ಬರೆದಿದ್ದಾರೆ. ಗೆಳತಿಯೊಬ್ಬಳು ಇದು ನಮ್ಮ ಜೇಡಿಮಣ್ಣಿಗೆ ಸಂಬಂಧಪಟ್ಟ ಪದವೇ ಇರಬೇಕು ಅನ್ನುತ್ತಾಳೆ. ಈ ಪದದ ಅರ್ಥವೇನು? ಎಲ್ಲಿಂದ ಬಂತು? ಕನ್ನಡದಲ್ಲಿ ಏನೆಂದು ಬರೆಯಲಿ?

ಉತ್ತರ: ಗೀಟು ಹಾಕಿದ್ದು ಸರಿಯೇ. ಆದರೆ ಯಾಕೆ ಅಂತ ಎರಡು ಸಾಲು ಬರೆದಿದ್ದರೆ ಚೆನ್ನಾಗಿತ್ತು.

ಮೊದಲು ನಿಮ್ಮ ಗೆಳತಿಯ ಮಾತು ಮುಗಿಸಿಬಿಡೋಣ. ಜೇಡಿಮಣ್ಣಿಗೂ ಜೇಡ್‌ಗೂ ಯಾವ ನಂಟೂ ಇಲ್ಲ. ಬಲೆ ನೇಯುವ ಜೇಡಕ್ಕೂ ಇಲ್ಲ. ಸದ್ದು ಹತ್ತಿರ ಬಂದಿದೆ, ಅಷ್ಟೇ. ಎರಡು ದೂರದ ಭಾಷೆಗಳಲ್ಲಿ ಇಂಥ ಜೋಡಿಗಳು ಬೇಕಾದಷ್ಟು ಸಿಗುತ್ತವೆ. ಸದ್ದು ನೋಡಿ ಸಂಬಂಧ ಕಟ್ಟಿದರೆ ಹತ್ತರಲ್ಲಿ ಒಂಬತ್ತು ಸಲ ಮೋಸಹೋಗುತ್ತೇವೆ.

ನಿಜವಾದ ಅರ್ಥ ಕೇಳಿದರೆ ನಿಮಗೆ ನಗು ಬರಬಹುದು. ನೀವು 'ಪಚ್ಚೆ ಕಲ್ಲು' ಅಂತ ಬರೆದಿರಿ. ಕೈತಪ್ಪಿ 'ಪಕ್ಕೆ ಕಲ್ಲು' ಅಂತ ಬರೆದಿದ್ದರೆ, ಕಡೇಪಕ್ಷ ಪದದ ಅರ್ಥದ ಮಟ್ಟಿಗೆ ಸರಿಯಾಗಿರುತ್ತಿತ್ತು! ಜೇಡ್ ಅಂದರೆ ಪಕ್ಕೆಯ ಕಲ್ಲು. ಆ ಪದದೊಳಗೆ ಎಲ್ಲಿ ಹುಡುಕಿದರೂ ಹಸಿರು ಇಲ್ಲ. ಇರುವುದು ಪಕ್ಕೆ ನೋವು.

ಸ್ಪ್ಯಾನಿಷ್‌ನಲ್ಲಿ ಈ ಕಲ್ಲಿಗೆ 'ಪಿಯೆದ್ರಾ ದೆ ಇಹಾದಾ' ಅನ್ನುತ್ತಿದ್ದರು. 'ಪಿಯೆದ್ರಾ' ಅಂದರೆ ಕಲ್ಲು. 'ಇಹಾದಾ' ಅಂದರೆ ಪಕ್ಕೆ, ಅಂದರೆ ಪಕ್ಕೆಲುಬು ಮುಗಿದ ಮೇಲೆ ಸೊಂಟದ ಎಲುಬು ಶುರುವಾಗುವ ತನಕ ಇರುವ ಮೆತ್ತಗಿನ ಜಾಗ. ಇದರ ಹಿಂದೆ ಇರುವುದು ಲ್ಯಾಟಿನ್‌ನ 'ಇಲಿಯಾ' ಅನ್ನುವ ಪದ. ಅದಕ್ಕೂ ಪಕ್ಕೆ, ಕಿಬ್ಬೊಟ್ಟೆಯ ಭಾಗ ಅಂತಲೇ ಅರ್ಥ. ವೈದ್ಯರು ಸೊಂಟದ ಅಗಲ ಎಲುಬಿಗೆ 'ಇಲಿಯಮ್' ಅನ್ನುತ್ತಾರಲ್ಲ, ಅದೂ ಇದೇ ಮನೆತನದ್ದು. ಹಾಗಾಗಿ ಕೊರಳಲ್ಲಿ ತೂಗುವ ಜೇಡ್‌ಗೂ ಸೊಂಟದ ಮೂಳೆಗೂ ದಾಯಾದಿ ಸಂಬಂಧ.

ಪಕ್ಕೆಗೂ ಕಲ್ಲಿಗೂ ಏನು ಕೆಲಸ? ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೆಕ್ಸಿಕೊದ ಅಜ್ಟೆಕ್ ಜನ ಒಂದು ಹಸಿರು ಕಲ್ಲನ್ನು ಚಿನ್ನಕ್ಕಿಂತ ಮೇಲೆ ಇಟ್ಟಿದ್ದರು. ಅವರ ನಾವಾತ್ಲ್ ಭಾಷೆಯಲ್ಲಿ ಅದು 'ಚಾಲ್ಚಿವಿತ್ಲ್'. ನೀರಿನ ದೇವತೆಯ ಹೆಸರೇ 'ಚಾಲ್ಚಿಯುತ್ಲಿಕ್ವೆ', ಅಂದರೆ ಆ ಕಲ್ಲಿನ ಲಂಗ ಉಟ್ಟವಳು. ಸ್ಪೇನಿನ ಸಿಪಾಯಿಗಳಿಗೆ ಮೊದಮೊದಲು ಇದು ವಿಚಿತ್ರ ಅನ್ನಿಸಿತು. ಚಿನ್ನ ಬಿಟ್ಟು ಕಲ್ಲಿಗೆ ಯಾರಾದರೂ ಬಾಯಿ ಬಿಡುತ್ತಾರಾ ಅಂತ. ಒಬ್ಬ ಮಾತ್ರ ಬೇಗ ಅರ್ಥ ಮಾಡಿಕೊಂಡ. ಅವನ ಹೆಸರು ಬರ್ನಾಲ್ ದಿಯಾಸ್. 1520ರ ಜೂನ್ 30ರ ರಾತ್ರಿ ಸ್ಪೇನಿನ ದಂಡನಾಯಕ ಕೊರ್ತೆಸನ ಪಡೆ ಅಜ್ಟೆಕ್ ರಾಜಧಾನಿಯಿಂದ ತಪ್ಪಿಸಿಕೊಂಡು ಓಡಬೇಕಾಯಿತು. ಎಷ್ಟೋ ಸಿಪಾಯಿಗಳು ಮೈತುಂಬ ಚಿನ್ನದ ಗಟ್ಟಿ ತುಂಬಿಕೊಂಡರು, ಕೆರೆ ದಾಟುವಾಗ ಆ ಭಾರಕ್ಕೇ ಮುಳುಗಿದರು. ಬರ್ನಾಲ್ ಮಾತ್ರ ನಾಲ್ಕೇ ನಾಲ್ಕು ಹಸಿರು ಕಲ್ಲು ಎತ್ತಿಕೊಂಡು ಎದೆಕವಚದೊಳಗೆ ಸೇರಿಸಿಕೊಂಡ. ಆಮೇಲೆ ಗಾಯಕ್ಕೆ ಮದ್ದು, ಹೊಟ್ಟೆಗೆ ಊಟ ಎರಡೂ ಆ ಕಲ್ಲುಗಳ ಬೆಲೆಯಿಂದಲೇ ಆಯಿತು ಅಂತ ಮುದುಕನಾದ ಮೇಲೆ ಬರೆದಿಟ್ಟಿದ್ದಾನೆ.

ಈ ಕಲ್ಲುಗಳು ಹಡಗು ಹತ್ತಿ ಸ್ಪೇನಿಗೆ ಬಂದಾಗ ಅವುಗಳ ಜೊತೆ ಒಂದು ಸುದ್ದಿಯೂ ಬಂತು: ಅಲ್ಲಿನ ಜನ ಇದನ್ನು ಪಕ್ಕೆ ನೋವಿಗೆ ಮೈಗೆ ಕಟ್ಟಿಕೊಳ್ಳುತ್ತಾರಂತೆ. ಪಕ್ಕೆ ನೋವು ಅಂದರೆ ಸುಮ್ನೆ ಉಳುಕಲ್ಲ. ಕಿಡ್ನಿಯಲ್ಲಿ ಕಲ್ಲಾದಾಗ ಬರುವ, ಆಳನ್ನೇ ಬಗ್ಗಿಸಿಬಿಡುವ ನೋವು. ಆ ಕಾಲದಲ್ಲಿ ಅದಕ್ಕೆ ನಂಬುವಂಥ ಮದ್ದು ಇರಲಿಲ್ಲ. ಹೀಗಿರುವಾಗ ಕಲ್ಲಿಗೆ ಕಲ್ಲೇ ಮದ್ದು ಅಂತ ಯಾರಾದರೂ ಹೇಳಿದರೆ ಕೇಳದವರು ಯಾರು?

ಸೆವಿಲ್ ನಗರದಲ್ಲಿ ನಿಕೊಲಾಸ್ ಮೊನಾರ್ದೆಸ್ ಅನ್ನುವ ವೈದ್ಯ ಇದ್ದ. ತಾನು ಒಮ್ಮೆಯೂ ಅಮೆರಿಕಕ್ಕೆ ಹೋದವನಲ್ಲ. ಆದರೆ ಅಲ್ಲಿಂದ ಬರುವ ಹಡಗುಗಳು ಅವನ ಊರಿಗೇ ಬರುತ್ತಿದ್ದವು. ಸರಕಿನಲ್ಲಿ ಬಂದ ಬೇರು, ತೊಗಟೆ, ಅಂಟು, ಕಲ್ಲು ಎಲ್ಲದರ ಔಷಧ ಗುಣವನ್ನು ಅವನು 1560ರ ದಶಕದಿಂದ ಬರೆದು ಪ್ರಕಟಿಸುತ್ತಾ ಬಂದ. ಪಕ್ಕೆ ಕಲ್ಲಿನ ಬಗ್ಗೆ ಅವನು ಕೊಡುವ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಅವನಿಗೆ ಗೊತ್ತಿದ್ದ ಒಬ್ಬ ದೊಡ್ಡ ಮನುಷ್ಯ ಇದನ್ನು ತೋಳಿಗೆ ಕಟ್ಟಿಕೊಳ್ಳುತ್ತಿದ್ದನಂತೆ. ಕಟ್ಟಿದ ಕೂಡಲೇ ಮೂತ್ರದಲ್ಲಿ ಮರಳು ಹೋಗಲು ಶುರುವಾಗುತ್ತಿತ್ತು. ಅದೂ ಎಷ್ಟು ಜಾಸ್ತಿ ಅಂದರೆ, ಇಷ್ಟೆಲ್ಲ ಹೋದರೆ ತನಗೇನಾದರೂ ಆದೀತು ಅಂತ ಹೆದರಿ ಆಗಾಗ ಬಿಚ್ಚಿಡುತ್ತಿದ್ದನಂತೆ! ಕಲ್ಲು ಕೆಲಸ ಮಾಡಿತು ಅಂತಲ್ಲ. ತೋಳಿಗೆ ಕಟ್ಟಿದ ಕಲ್ಲಿನಿಂದ ಕಿಡ್ನಿಗೆ ಏನೂ ಆಗುವುದಿಲ್ಲ. ಆದರೆ ಇಂಥ ಕಥೆಗಳ ಬಲದಿಂದ ಹೆಸರು ಮಾತ್ರ ಭದ್ರವಾಗಿ ನಿಂತಿತು.

ಇಂಗ್ಲೆಂಡಿನ ವಾಲ್ಟರ್ ರಾಲೆ 1595ರಲ್ಲಿ ಗಯಾನಾ ಕಡೆ ಹೋದವನು ಇದೇ ಹಸಿರು ಕಲ್ಲುಗಳನ್ನು ಕಂಡ. ಸ್ಪೇನಿನವರ ಹೆಸರನ್ನೂ ಬರೆದು, ನಮ್ಮಲ್ಲಿ ಇದನ್ನು ಗುಲ್ಮದ ಕಲ್ಲು ಅಂತ ಬಳಸುತ್ತೇವೆ ಅಂದ. ಗುಲ್ಮ ಅಂದರೆ ಸ್ಪ್ಲೀನ್, ಅದು ಇರುವುದೂ ಪಕ್ಕೆಯಲ್ಲೇ, ಎಡಗಡೆ. ಅಂಗ ಬದಲಾಯಿತೇ ಹೊರತು ಜಾಗ ಬದಲಾಗಲಿಲ್ಲ.

ಇನ್ನು 'ಇಹಾದಾ' ಹೋಗಿ 'ಜೇಡ್' ಆದದ್ದು ಹೇಗೆ? ಇದು ಫ್ರೆಂಚರ ಕಿವಿಯ ಕೆಲಸ. ಸ್ಪ್ಯಾನಿಷ್ ಪದ ಫ್ರೆಂಚಿಗೆ ಹೋಗಿ 'ಎಜಾದ್' ಅಂತಾಯಿತು. ಫ್ರೆಂಚ್‌ನಲ್ಲಿ ನಾಮಪದದ ಹಿಂದೆ 'ಲ' ಅನ್ನುವ ಪುಟ್ಟ ಪದ ಸೇರುತ್ತದೆ. ಮುಂದೆ ಸ್ವರ ಬಂದರೆ ಎರಡೂ ಅಂಟಿಕೊಳ್ಳುತ್ತವೆ, ನಮ್ಮ ಸಂಧಿಯ ಹಾಗೆ. ಹಾಗೆ 'ಲೆಜಾದ್' ಆಯಿತು. ಕೇಳಿದವರು ಅದನ್ನು ಬಿಡಿಸುವಾಗ ಎಡವಿದರು. 'ಲ್ + ಎಜಾದ್' ಅನ್ನುವ ಬದಲು 'ಲೆ + ಜಾದ್' ಅಂತ ಒಡೆದರು. ಮೊದಲ ಸ್ವರ ಕಳಚಿಬಿತ್ತು. ಉಳಿದ 'ಜಾದ್' ಇಂಗ್ಲಿಷಿಗೆ ಹೋಗಿ 'ಜೇಡ್' ಆಯಿತು.

ಇದು ನಮಗೆ ಅರ್ಥವಾಗದ ತಪ್ಪೇನಲ್ಲ. 'ಅವನೆಲ್ಲಿ?' ಅಂತ ಕೇಳಿ ನೋಡಿ. ಕನ್ನಡ ಹೊಸದಾಗಿ ಕಲಿಯುವವನು ಇದನ್ನು 'ಅವ, ನೆಲ್ಲಿ?' ಅಂತ ಒಡೆದರೆ ನೆಲ್ಲಿಕಾಯಿ ಹುಡುಕಿಕೊಂಡು ಹೋಗುತ್ತಾನೆ. ಫ್ರೆಂಚರು ಮಾಡಿದ್ದೂ ಇಷ್ಟೇ. ಇಂಥದ್ದೇ ಏಟು ತಿಂದ ಇನ್ನೊಂದು ಪದ ನಮ್ಮ ಕಡೆಯಿಂದಲೇ ಹೋದದ್ದು. 'ನಾರಂಗ' ಪರ್ಷಿಯಾ, ಅರಬ್ ನಾಡು ದಾಟಿ ಯುರೋಪು ಸೇರಿ, ಮುಂದಿನ 'ನ' ಕಳೆದುಕೊಂಡು 'ಆರೆಂಜ್' ಆಗಿ ಕೂತಿತು.

ಜನ ಆಡುಮಾತಿನಲ್ಲಿ ಹೀಗೆ ಒಡೆಯುತ್ತಿರುವಾಗ ಪಂಡಿತರು ಪಕ್ಕೆ ಕಲ್ಲನ್ನು ಲ್ಯಾಟಿನ್‌ಗೆ ತಂದರು. ಅವರಿಗೆ ಪಕ್ಕೆ ಅನ್ನುವುದು ಸ್ವಲ್ಪ ಹಳ್ಳಿ ಮಾತಾಗಿ ಕಂಡಿರಬೇಕು. 'ಲ್ಯಾಪಿಸ್ ನೆಫ್ರಿಟಿಕಸ್' ಅಂದರು, ಅಂದರೆ ಕಿಡ್ನಿಯ ಕಲ್ಲು. ಗ್ರೀಕ್‌ನಲ್ಲಿ 'ನೆಫ್ರೋಸ್' ಅಂದರೆ ಕಿಡ್ನಿ. ಕಿಡ್ನಿ ವೈದ್ಯರಿಗೆ 'ನೆಫ್ರಾಲಜಿಸ್ಟ್' ಅನ್ನುತ್ತೇವಲ್ಲ, ಅದೇ. ಇದರಿಂದ 'ನೆಫ್ರೈಟ್' ಅನ್ನುವ ಹೆಸರು ಬಂತು. ಹಾಗಾಗಿ ಜೇಡ್, ನೆಫ್ರೈಟ್ ಎರಡೂ ಒಂದೇ ಮಾತಿನ ಎರಡು ರೂಪ. ಒಂದು ಸಿಪಾಯಿಗಳ ಬಾಯಿಂದ ಬಂದದ್ದು, ಇನ್ನೊಂದು ಪಂಡಿತರ ಮೇಜಿನಿಂದ.

ಇಲ್ಲಿಂದ ಮುಂದೆ ಗೋಜಲು ಶುರು. ಚೀನಾದಿಂದ ಕೆತ್ತನೆಯ ಹಸಿರು, ಬಿಳಿ ಕಲ್ಲಿನ ಸಾಮಾನುಗಳು ಯುರೋಪಿಗೆ ಬರತೊಡಗಿದಾಗ, ನೋಡಲು ಒಂದೇ ಥರ ಇದೆಯಲ್ಲ ಅಂತ ಅವಕ್ಕೂ ಅದೇ ಹೆಸರು ಕಟ್ಟಿದರು. ಮೆಕ್ಸಿಕೊದಲ್ಲಿ ಹುಟ್ಟಿದ ಹೆಸರು ಚೀನಾದ ಕಲ್ಲಿನ ಮೇಲೆ ಕೂತಿತು. ಇವತ್ತು ಜೇಡ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಚೀನಾವೇ ಅಲ್ವಾ? ಆದರೆ ಪದಕ್ಕೂ ಚೀನಾಕ್ಕೂ ಹುಟ್ಟಿನ ಸಂಬಂಧವೇ ಇಲ್ಲ.

ಅಲೆಕ್ಸಿ ದಾಮೂರ್ ಅನ್ನುವ ಫ್ರೆಂಚ್ ಖನಿಜಶಾಸ್ತ್ರಜ್ಞ ಈ ಗೋಜಲು ಬಿಡಿಸಿದ. ಜೇಡ್ ಎಂದು ಕರೆಯುತ್ತಿದ್ದ ಕಲ್ಲುಗಳನ್ನು ರಾಸಾಯನಿಕ ಪರೀಕ್ಷೆಗೆ ಹಚ್ಚಿ, 1863ರಲ್ಲಿ ಇದು ಒಂದು ಕಲ್ಲಲ್ಲ, ಎರಡು ಎಂದು ತೋರಿಸಿದ. ಒಂದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ ಇವೆ. ಅದು ಆಂಫಿಬೋಲ್ ಅನ್ನುವ ಖನಿಜ ಜಾತಿಯದು. ಅದಕ್ಕೆ ನೆಫ್ರೈಟ್ ಹೆಸರೇ ಉಳಿಯಿತು. ಇನ್ನೊಂದರಲ್ಲಿ ಸೋಡಿಯಂ, ಅಲ್ಯೂಮಿನಿಯಂ ಇವೆ. ಅದು ಪೈರಾಕ್ಸೀನ್ ಅನ್ನುವ ಇನ್ನೊಂದು ಖನಿಜ ಜಾತಿ. ಅದಕ್ಕೆ 'ಜೇಡೈಟ್' ಅಂತ ಹೊಸ ಹೆಸರಿಟ್ಟ. ತಮಾಷೆ ಏನು ಗೊತ್ತಾ? ಮಧ್ಯ ಅಮೆರಿಕದ ಜೇಡ್ ಗ್ವಾಟೆಮಾಲದ ಮೊಟಾಗ್ವಾ ಕಣಿವೆಯಲ್ಲಿ ಸಿಗುವಂಥದ್ದು, ಜೇಡೈಟ್. ಚೀನಾದವರು ಸಾವಿರಾರು ವರ್ಷ ಕೆತ್ತಿದ್ದು ನೆಫ್ರೈಟ್. ಅಂದರೆ ಕಿಡ್ನಿ ಕಲ್ಲು ಅನ್ನುವ ಹೆಸರು ಕೊನೆಗೆ ನಿಂತದ್ದು, ಯಾರ ಕಿಡ್ನಿಗೂ ಕಟ್ಟಿರದ ಚೀನಾದ ಕಲ್ಲಿನ ಮೇಲೆ!

ನನ್ನ ಮೇಜಿನ ಮೇಲೆ ಹೆಬ್ಬೆರಳಿನಷ್ಟು ದಪ್ಪದ ನೆಫ್ರೈಟ್ ಚೂರೊಂದಿದೆ. ಹಸಿರು ಅನ್ನುವುದಕ್ಕಿಂತ ನೆನೆದ ಪಾಚಿಯ ಬಣ್ಣ. ಕೈಗೆ ತೆಗೆದುಕೊಂಡರೆ ಮೊದಲು ತಣ್ಣಗೆ, ಆಮೇಲೆ ಎಣ್ಣೆ ಸವರಿದ ಹಾಗೆ ನುಣುಪು. ಗಾಜಿನ ಹೊಳಪು ಇಲ್ಲ. ತೆಳ್ಳಗಿನ ಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗೆ ನೂಲೆಳೆಗಳು ಒಂದರೊಳಗೊಂದು ಸಿಕ್ಕಿಕೊಂಡಿರುವುದು ಕಾಣುತ್ತದೆ, ಕಂಬಳಿಯ ಹಾಗೆ. ಇದರ ಗುಟ್ಟು ಇರುವುದೇ ಇಲ್ಲಿ. ಗೀರಿದರೆ ಇದು ಸ್ಫಟಿಕಕ್ಕಿಂತ, ಅಂದರೆ ಕ್ವಾರ್ಟ್ಜ್‌ಗಿಂತ, ಸ್ವಲ್ಪ ಮೆದು. ಕಲ್ಲಿನ ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ನೆಫ್ರೈಟ್ 6ರಿಂದ 6.5, ಜೇಡೈಟ್ 6.5ರಿಂದ 7. ಆದರೆ ಹೊಡೆದು ಒಡೆಯಲು ಹೋದರೆ ಸುತ್ತಿಗೆ ಪುಟಿಯುತ್ತದೆ. ಬಿರುಕು ಒಂದು ಎಳೆ ದಾಟಿ ಹೋಗುವಷ್ಟರಲ್ಲಿ ಇನ್ನೊಂದು ಅಡ್ಡ ಬರುತ್ತದೆ. ಅದಕ್ಕೇ ಲೋಹ ಇಲ್ಲದ ಕಾಲದಲ್ಲಿ ಜನ ಇದರಿಂದ ಕೊಡಲಿ, ಉಳಿ ಮಾಡಿಕೊಂಡರು. ಮತ್ತು ಅದಕ್ಕೇ ಇದನ್ನು ಉಳಿಯಿಂದ ಕೆತ್ತಲು ಆಗುವುದಿಲ್ಲ. ಗಟ್ಟಿ ಮರಳು, ನೀರು ಹಾಕಿ ಉಜ್ಜಿ ಉಜ್ಜಿ ಸವೆಸಬೇಕು. ನಿಮ್ಮ ವಿವರಣೆಯಲ್ಲಿ 'ಕೆತ್ತಿದ' ಅಂತ ಬಂದರೆ ಇರಲಿ ಬಿಡಿ, ಓದುವವರಿಗೆ ಅರ್ಥವಾಗುತ್ತದೆ. ಆದರೆ ನಿಜಕ್ಕೂ ಅದು ಉಜ್ಜಿದ್ದು.

ಎರಡನ್ನೂ ಬೇರೆ ಮಾಡಲು ಸುಲಭದ ದಾರಿ ತೂಕ. 10 ಮಿಲಿಲೀಟರ್ ನೀರಿನ ಜಾಗ ಹಿಡಿಯುವ ನೆಫ್ರೈಟ್ ಸುಮಾರು 30 ಗ್ರಾಂ ತೂಗುತ್ತದೆ. ಅಷ್ಟೇ ಜಾಗದ ಜೇಡೈಟ್ 33 ಗ್ರಾಂ. ಅಷ್ಟೇ ಸ್ಫಟಿಕವಾದರೆ 26 ಗ್ರಾಂ ಚಿಲ್ಲರೆ. 'ಇಂಡಿಯನ್ ಜೇಡ್' ಎಂದು ಮಾರುವ ಅವೆಂಚುರೀನ್ ಸ್ಫಟಿಕದ ಜಾತಿ. 'ನ್ಯೂ ಜೇಡ್' ಅನ್ನುವುದು ಸರ್ಪೆಂಟೀನ್ ಅನ್ನುವ ಬೇರೆ ಖನಿಜ. ಹೆಸರಿನಲ್ಲಿ ಮಾತ್ರ ಜೇಡ್.

ಬೇರೆ ಭಾಷೆಗಳು ಈ ಕಲ್ಲನ್ನು ಹೇಗೆ ನೋಡಿವೆ ಅನ್ನುವುದು ನಿಮ್ಮ ಅನುವಾದಕ್ಕೆ ಉಪಯೋಗಕ್ಕೆ ಬರುತ್ತದೆ. ಚೀನೀ ಪದ 'ಯು'. ಆ ಅಕ್ಷರ ನೋಡಲು ದೊರೆ ಅನ್ನುವ ಅಕ್ಷರಕ್ಕೆ ಒಂದು ಚುಕ್ಕೆ ಇಟ್ಟ ಹಾಗಿದೆ. ಆದರೆ ಮೂಲದಲ್ಲಿ ಅದು ದೊರೆಯಲ್ಲ, ದಾರಕ್ಕೆ ಪೋಣಿಸಿದ ಕಲ್ಲುಗಳ ಚಿತ್ರ. ಕ್ರಿಸ್ತಶಕ 100ರ ಹೊತ್ತಿನ ಒಂದು ಚೀನೀ ನಿಘಂಟು ಇದಕ್ಕೆ ಕೊಟ್ಟ ಅರ್ಥ 'ಕಲ್ಲುಗಳಲ್ಲಿ ಚೆಲುವಾದದ್ದು'. ಇಲ್ಲೂ ಹಸಿರಿನ ಸುಳಿವಿಲ್ಲ. ಅವರಿಗೆ ಎಲ್ಲಕ್ಕಿಂತ ಮೇಲು ಅನ್ನಿಸಿದ್ದು ಕುರಿಯ ಕೊಬ್ಬಿನ ಬಣ್ಣದ ಬಿಳಿ ಜೇಡ್. 2008ರ ಬೀಜಿಂಗ್ ಒಲಿಂಪಿಕ್ಸ್ ಪದಕಗಳ ಹಿಂದೆ ಜೇಡ್ ಬಿಲ್ಲೆ ಕೂರಿಸಿದ್ದರು. ಚಿನ್ನದ ಪದಕಕ್ಕೆ ಬಿಳಿ ಜೇಡ್, ಹಸಿರು ಜಾಸ್ತಿ ಇದ್ದ ಜೇಡ್ ಕಂಚಿನ ಪದಕಕ್ಕೆ!

ಆ ಬಿಳಿ ಕಲ್ಲು ಹೆಚ್ಚಾಗಿ ಬಂದದ್ದು ಈಗಿನ ಚೀನಾದ ಪಶ್ಚಿಮ ತುದಿಯಲ್ಲಿರುವ ಖೋತಾನ್ ಕಡೆಯ ಎರಡು ನದಿಗಳಿಂದ. ಒಂದರ ಹೆಸರು ಯುರುಂಗ್‌ಕಾಶ್, ಅಂದರೆ ತುರ್ಕಿ ಮೂಲದ ಅಲ್ಲಿನ ಮಾತಿನಲ್ಲಿ ಬಿಳಿ ಜೇಡ್. ಇನ್ನೊಂದು ಕರಾಕಾಶ್, ಕರಿ ಜೇಡ್. ಬರ್ಮಾದಲ್ಲಿ ಸಿಗುವುದು ಜೇಡೈಟ್. ಕಣ್ಣು ಕುಕ್ಕುವ ಅದರ ಹಸಿರಿಗೆ ಚೀನೀಯರು 'ಫೇತ್ಸುಯಿ' ಅಂತ ಬೇರೆ ಹೆಸರೇ ಕೊಟ್ಟರು. ಅದು ಮೊದಲು ಮಿಂಚುಳ್ಳಿ ಹಕ್ಕಿಗಿದ್ದ ಹೆಸರು. ಮಿಂಚುಳ್ಳಿಯ ರೆಕ್ಕೆ ಬಿಸಿಲಿಗೆ ಹೊಳೆದದ್ದನ್ನು ಒಮ್ಮೆ ಕಂಡವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ನೀವು ಬರೆದ ಅರ್ಥ ನೇರವಾಗಿ ಇರುವುದು ಬರ್ಮೀ ಭಾಷೆಯಲ್ಲಿ. ಅವರ 'ಚೌಕ್ ಸೇನ್' ಪದಕ್ಕೆ ಪದ ಇಟ್ಟರೆ 'ಹಸಿರು ಕಲ್ಲು'.

ನ್ಯೂಜಿಲೆಂಡಿನ ಮಾವೋರಿ ಜನ 'ಪೌನಾಮು' ಅನ್ನುತ್ತಾರೆ. ಅಲ್ಲಿನ ದಕ್ಷಿಣ ದ್ವೀಪದ ಮಾವೋರಿ ಹೆಸರು 'ತೆ ವಾಯಿಪೌನಾಮು', ಅದರೊಳಗೇ ಈ ಕಲ್ಲಿದೆ. ಪೌನಾಮು ಬಹುಪಾಲು ನೆಫ್ರೈಟ್, ಆದರೆ ಒಂದು ಬಗೆಯ ಸರ್ಪೆಂಟೀನ್ ಕೂಡ ಅದರಲ್ಲಿ ಸೇರುತ್ತದೆ. ಹಾಗಾಗಿ ಮಾವೋರಿ ವಸ್ತುಗಳ ವಿವರಣೆಯಲ್ಲಿ ಪೌನಾಮು ಅಂತ ಇದ್ದರೆ ದಯವಿಟ್ಟು ಅದನ್ನು ಜೇಡ್ ಅಂತ ತಿದ್ದಬೇಡಿ. ಹಾಗೇ ಇಡಿ.

ಪರ್ಷಿಯನ್‌ನಲ್ಲಿ ಇದು 'ಯಶ್ಮ್' ಅಥವಾ 'ಯಶ್ಬ್'. ಮೊಘಲರ ಕಾಲದ ಬಟ್ಟಲು, ಕಠಾರಿ ಹಿಡಿಗಳ ವಿವರಣೆಯಲ್ಲಿ ಇದು ಬರುತ್ತದೆ. ಷಹಜಹಾನನ ಮದ್ಯದ ಬಟ್ಟಲು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. 1657ರದು. ಸೋರೆಕಾಯಿಯ ಆಕಾರ, ಬಾಗಿದ ತುದಿಯಲ್ಲಿ ಆಡಿನ ತಲೆ, ಬುಡದಲ್ಲಿ ತಾವರೆ. ಇಡೀ ಬಟ್ಟಲು ಬಿಳಿ ನೆಫ್ರೈಟ್. ಇದಕ್ಕೆ 'ಪಚ್ಚೆ ಕಲ್ಲಿನ ಬಟ್ಟಲು' ಅಂತ ಬರೆದರೆ ಎದುರಿಗೆ ನಿಂತು ನೋಡುವವರು ಏನಂದುಕೊಳ್ಳಬೇಕು?

ಈಗ ನಮ್ಮ ಪಚ್ಚೆಗೆ ಬರೋಣ. ಇದು ಅಪ್ಪಟ ದ್ರಾವಿಡ ಪದ. ತಮಿಳಿನ 'ಪಚ್ಚೈ', ನಮ್ಮ ಹಳೆಗನ್ನಡದ 'ಪಸಿರ್' ಎಲ್ಲ ಒಂದೇ ಬೇರು. 'ಪಾಲ್' ಹಾಲಾದ ಹಾಗೆ, 'ಪುಲಿ' ಹುಲಿಯಾದ ಹಾಗೆ 'ಪಸಿರ್' ಹಸಿರಾಯಿತು. ಚರ್ಮದ ಮೇಲೆ ಹಸಿರು ಗೀಟು ಬಿಡುವ 'ಹಚ್ಚೆ' ಕೂಡ ಪಚ್ಚೆಯದೇ ರೂಪ. ಕಲ್ಲಿನ ಹೆಸರಾಗಿ ಮಾತ್ರ ಹಳೆಯ 'ಪ' ಹಾಗೇ ನಿಂತಿದೆ. ಈ ಪಚ್ಚೆ ಅಂದರೆ ಎಮರಾಲ್ಡ್, ನವರತ್ನಗಳಲ್ಲಿ ಒಂದು, ಮರಕತ. ಅದು ಬೆರಿಲ್ ಅನ್ನುವ ಬೇರೆಯೇ ಖನಿಜ. ಗಡಸು 7.5ರಿಂದ 8. ಗಾಜಿನ ಹಾಗೆ ಪಾರದರ್ಶಕ, ಪೆಟ್ಟು ಬಿದ್ದರೆ ಬಿರುಕು ಬಿಡುತ್ತದೆ. ಜೇಡ್‌ಗೂ ಅದಕ್ಕೂ ಬಣ್ಣ ಬಿಟ್ಟರೆ ಹೋಲಿಕೆ ಇಲ್ಲ. ಅಂದಹಾಗೆ ಮರಕತ, ಎಮರಾಲ್ಡ್ ಎರಡೂ ಗ್ರೀಕ್‌ನ 'ಸ್ಮರಾಗ್ದೋಸ್' ಮೂಲಕ ನೆಂಟರು ಅನ್ನುವುದು ಬಹುಪಾಲು ಭಾಷಾಪಂಡಿತರ ಮಾತು.

ಹಿಂದಿಯಲ್ಲಿ ಜೇಡ್‌ಗೆ 'ಹರಿತಾಶ್ಮ' ಅಂತ ಬರೆಯುವವರಿದ್ದಾರೆ. ಅದನ್ನು ಕನ್ನಡಕ್ಕೆ ಎಳೆದು ತರಬೇಡಿ. ಸಂಸ್ಕೃತದಲ್ಲಿ ಹರಿತ ಅಂದರೆ ಹಸಿರು, ಸರಿ. ಆದರೆ ಕನ್ನಡದವರು ಹರಿತ ಅಂದ ಕೂಡಲೇ ಚಾಕು ನೆನೆಯುತ್ತಾರೆ. ಚೂಪು ಕಲ್ಲು ಅಂದುಕೊಂಡಾರು. ಬಿಳಿ ಜೇಡ್ ಬಂದಾಗ ಅದೂ ತಪ್ಪೇ.

ಆದ್ದರಿಂದ ನನ್ನ ಸಲಹೆ: 'ಜೇಡ್ ಕಲ್ಲು' ಅಂತಲೇ ಬರೆಯಿರಿ. ಬರೀ 'ಜೇಡ್' ಅಂದರೆ ಜೇಡವನ್ನು ನೆನೆಯುವವರು ಇರಬಹುದು, 'ಕಲ್ಲು' ಸೇರಿಸಿದರೆ ಆ ತೊಂದರೆ ಇಲ್ಲ. ಮೂಲದಲ್ಲಿ ನೆಫ್ರೈಟ್ ಅಥವಾ ಜೇಡೈಟ್ ಅಂತ ನಿಖರವಾಗಿ ಕೊಟ್ಟಿದ್ದರೆ ಅದನ್ನೇ ಉಳಿಸಿ. ಬಣ್ಣ ಹೇಳಬೇಕಾದರೆ ಬಿಡಿಯಾಗಿ ಹೇಳಿ: 'ಹಸಿರು ಜೇಡ್ ಕಲ್ಲಿನ ಬಳೆ', 'ಬಿಳಿ ಜೇಡ್ ಕಲ್ಲಿನ ಬಟ್ಟಲು'.

ಇನ್ನೊಂದು ಗುಂಡಿ ತೋರಿಸಿಬಿಡುತ್ತೇನೆ, ನಾನೇ ಒಮ್ಮೆ ಬಿದ್ದದ್ದು. ಇಂಗ್ಲಿಷ್‌ನಲ್ಲಿ ಇದೇ ಕಾಗುಣಿತದ ಇನ್ನೊಂದು 'ಜೇಡ್' ಇದೆ. ಅದರ ಅರ್ಥ ದುಡಿದು ದುಡಿದು ಬಸವಳಿದ ಕುದುರೆ. 14ನೇ ಶತಮಾನದ ಕವಿ ಚಾಸರ್‌ನಲ್ಲೇ ಆ ಪದ ಇದೆ, ಅಂದರೆ ಕಲ್ಲಿನ ಹೆಸರು ಹುಟ್ಟುವುದಕ್ಕೂ ಎಷ್ಟೋ ಮುಂಚೆ. ಸಾಕಾಗಿಹೋದವನು ಅನ್ನುವ ಅರ್ಥದ 'ಜೇಡೆಡ್' ಬಂದದ್ದು ಆ ಕುದುರೆಯಿಂದ. ನಾನು ಹೊಸದಾಗಿ ಅನುವಾದ ಮಾಡುತ್ತಿದ್ದಾಗ ಒಬ್ಬ ಜೇಡೆಡ್ ಸೈನಿಕನಿಗೆ ಹಸಿರು ಕಲ್ಲಿನ ಸರ ಹಾಕಿ ಕಳಿಸಿಬಿಟ್ಟಿದ್ದೆ. ಆ ಸಾಲಿಗೂ ಯಾರೋ ಗೀಟು ಹಾಕಿ 'ತಪ್ಪು' ಎಂದಷ್ಟೇ ಬರೆದಿದ್ದರು.